ಉಳಿದದ್ದೋ, ಉಳಿಸಿಕೊಂಡದ್ದೋ

ಹೆಂಗಸೊಬ್ಬಳು ಕೆಲಸದಿಂದ ನಿವೃತ್ತಳಾದರೆ, ಬೀಳ್ಕೊಡುಗೆ ಸಮಾರಂಭದಲ್ಲಿ ಒಂದು ಮಾತು ತಪ್ಪದೆ ಬರುತ್ತದೆ. “ಇಷ್ಟು ವರ್ಷ ಒಂದೇ ಕಡೆ ದುಡಿದರು. ಬೇರೆ ಕಡೆ ಹೋಗುತ್ತೇನೆಂದು ಒಮ್ಮೆಯೂ ಅನ್ನಲಿಲ್ಲ.” 2014ರಲ್ಲಿ ನನಗೂ ಆ ಮಾತು ಸಿಕ್ಕಿತು. ಅರಸೀಕೆರೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ 33 ವರ್ಷ ಗಣಿತ ಕಲಿಸಿದ್ದೆ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಆಡಳಿತ ಮಂಡಳಿಯ ಹಿರಿಯರೊಬ್ಬರು ಎದ್ದು ನಿಂತು, “ನಿಷ್ಠೆ ಎಂದರೆ ಏನೆಂದು ಮೇಡಂ ಅವರನ್ನು ನೋಡಿ ಕಲಿಯಬೇಕು” ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಎಲ್ಲರೂ ಅದನ್ನು ವಿನಯವೆಂದುಕೊಂಡರು. ನಿಜವಾಗಿ ನನಗೆ ನೆನಪಾಗುತ್ತಿದ್ದುದು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ ಮಡಚಿಟ್ಟಿದ್ದ ಒಂದು ಕಾಗದ.

ಆ ಕಾಗದದ ವಿಷಯ ಆಮೇಲೆ ಹೇಳುತ್ತೇನೆ. ಅದರ ಬಗ್ಗೆ ನೆಟ್ಟಗೆ ಯೋಚಿಸುವಂತೆ ಮಾಡಿದ್ದು ನಾನು ಎಂದೂ ಮುಖ ನೋಡದ ಒಬ್ಬ ಫುಟ್‌ಬಾಲ್ ಆಟಗಾರ. ನಗಬೇಡಿ. ಚೆಂಡಾಟಕ್ಕೂ ನನಗೂ ಎಣ್ಣೆ ಸೀಗೆಕಾಯಿ ಸಂಬಂಧ. ಆದರೆ ಮಗ ಇಂಗ್ಲೆಂಡಿನ ಸ್ವಿಂಡನ್ ಎಂಬ ಊರಿನಲ್ಲಿ ಕೆಲಸದಲ್ಲಿದ್ದಾನೆ. 2024ರ ಅಕ್ಟೋಬರಿನಲ್ಲಿ ಅವನ ಮನೆಗೆ ಹೋಗಿದ್ದೆ. ಲಂಡನ್ನಿನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಅದೂ ನಮ್ಮ ಅರಸೀಕೆರೆಯ ಹಾಗೆ ರೈಲಿನಿಂದಲೇ ಹೆಸರಾದ ಊರು. ಅಲ್ಲಿ 1843ರಲ್ಲಿ ಶುರುವಾದ ರೈಲ್ವೆ ಕಾರ್ಖಾನೆ ಊರಿಗೆಲ್ಲ ಅನ್ನ ಕೊಟ್ಟು, 1986ರಲ್ಲಿ ಬಾಗಿಲು ಹಾಕಿತಂತೆ. ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿದವಳಿಗೆ ಆ ಊರು ಅಷ್ಟೇನೂ ಪರಕೀಯವೆನಿಸಲಿಲ್ಲ.

ಒಂದು ಶನಿವಾರ ಮಗ ಬಲವಂತ ಮಾಡಿ ಕೌಂಟಿ ಗ್ರೌಂಡ್ ಎಂಬ ಮೈದಾನಕ್ಕೆ ಕರೆದುಕೊಂಡು ಹೋದ. ಸ್ವಿಂಡನ್ ಟೌನ್ ಆಗ ನಾಲ್ಕನೇ ದರ್ಜೆಯಲ್ಲಿ ಆಡುತ್ತಿದ್ದ ತಂಡ. ಟಿ.ವಿ.ಯಲ್ಲಿ ಕಾಣುವ ಕೋಟ್ಯಧೀಶ ಆಟಗಾರರ ಲೋಕಕ್ಕೂ ಇದಕ್ಕೂ ಬಹಳ ದೂರ. ಆದರೂ ಸಾವಿರಾರು ಜನ ಕೆಂಪು ಬಣ್ಣದ ಮಫ್ಲರು ಸುತ್ತಿಕೊಂಡು, ಥಂಡಿಯಲ್ಲಿ ಕೈ ಉಜ್ಜಿಕೊಳ್ಳುತ್ತ ಕೂತಿದ್ದರು. ಎದುರಿಗಿದ್ದ ಗ್ಯಾಲರಿಗೆ ‘ಡಾನ್ ರೋಜರ್ಸ್’ ಎಂದು ಹೆಸರು. ಯಾರು ಅವರು ಎಂದು ಮಗನನ್ನು ಕೇಳಿದೆ. ಪಕ್ಕದಲ್ಲಿದ್ದ ಒಬ್ಬ ಮುದುಕರಿಗೆ ಹೆಸರು ಕಿವಿಗೆ ಬಿತ್ತು. ನಮ್ಮ ಕಡೆ ತಿರುಗಿ ಹೇಳಲು ಶುರುಮಾಡಿದರು. ರೋಜರ್ಸ್ ಗೋಲು ಹೊಡೆಯುತ್ತಿದ್ದವರು. ಹೇಳುತ್ತ ಹೇಳುತ್ತ ಅವರ ಮಾತು ಇನ್ನೊಬ್ಬರ ಕಡೆ ತಿರುಗಿತು. ಜಾನ್ ಟ್ರಾಲಪ್ ಎಂಬ ಡಿಫೆಂಡರ್. “ಅವನು ಇಲ್ಲೇ ಇದ್ದ. ಯಾವಾಗಲೂ ಇಲ್ಲೇ ಇದ್ದ” ಎಂದರು ಮುದುಕರು. ಮಗ ಕನ್ನಡದಲ್ಲಿ ಹೇಳಿದಾಗ ನನಗೆ ನಮ್ಮ ಶಾಲೆಯ ವೇದಿಕೆ ನೆನಪಾಯಿತು.

ಆಮೇಲೆ ಮಗ ಹುಡುಕಿ ಓದಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಟ್ರಾಲಪ್ 1943ರಲ್ಲಿ ಸ್ವಿಂಡನ್ನಿಗೆ ಅಂಟಿಕೊಂಡಂತಿರುವ ರಾಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು. 1960ರ ಆಗಸ್ಟಿನಲ್ಲಿ, 17ನೇ ವಯಸ್ಸಿಗೆ ಊರ ತಂಡಕ್ಕೆ ಆಡತೊಡಗಿದರು. 1980ರಲ್ಲಿ ನಿಲ್ಲಿಸಿದರು. ಆ 20 ವರ್ಷಗಳಲ್ಲಿ ಲೀಗ್ ಪಂದ್ಯಗಳನ್ನೇ ಲೆಕ್ಕ ಹಾಕಿದರೆ 770, ಎಲ್ಲವೂ ಒಂದೇ ತಂಡಕ್ಕೆ. ತಂಡವೋ ಒಮ್ಮೆ ಎರಡನೇ ದರ್ಜೆ, ಒಮ್ಮೆ ಮೂರನೇ ದರ್ಜೆ, ಹೀಗೆ ಏಣಿ ಹತ್ತಿ ಇಳಿಯುತ್ತಿತ್ತು. ಮೊದಲನೇ ದರ್ಜೆಯಲ್ಲಿ ಆಡುವ ಭಾಗ್ಯ ಅವರಿಗೆ ಬರಲೇ ಇಲ್ಲ. ಅವರಿಗಿಂತ ಮೊದಲು ಪೋರ್ಟ್ಸ್‌ಮತ್ ತಂಡದ ಜಿಮ್ಮಿ ಡಿಕಿನ್ಸನ್ 764 ಪಂದ್ಯ ಆಡಿದ್ದರು. ಆ ದಾಖಲೆಯನ್ನು ದಾಟಿದ ಟ್ರಾಲಪ್‌ಗೆ 1978ರಲ್ಲಿ ಎಂ.ಬಿ.ಇ. ಎಂಬ ರಾಜಮರ್ಯಾದೆಯ ಬಿರುದೂ ಬಂತು.

ಅವರು ಆಡುತ್ತಿದ್ದುದು ಲೆಫ್ಟ್ ಬ್ಯಾಕ್ ಆಗಿ. ಅಂದರೆ ಗೋಲಿಯ ಮುಂದೆ ಎಡಗಡೆ ನಿಂತು, ಎದುರಾಳಿ ಆ ದಿಕ್ಕಿನಿಂದ ಓಡಿ ಬರದಂತೆ ತಡೆಯುವ ಕೆಲಸ. ಗೋಲು ಹೊಡೆದವನನ್ನು ಹೆಗಲ ಮೇಲೆ ಹೊರುತ್ತಾರೆ. ಆಗದೆ ಹೋದ ಗೋಲಿಗೆ ಯಾರು ಲೆಕ್ಕ ಇಡುತ್ತಾರೆ? ಹಾಲು ಉಕ್ಕಿದ ದಿನ ಮನೆಯವರೆಲ್ಲ ಒಲೆಯ ಹತ್ತಿರ ಬರುತ್ತಾರೆ. ಉಕ್ಕದ ಮುನ್ನೂರು ದಿನಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ಈ ಹೋಲಿಕೆ ನಿಮಗೆ ನಾನು ಹೇಳದೆಯೇ ಹೊಳೆದಿರುತ್ತದೆ, ಬಿಡಿ. ನನ್ನನ್ನು ಕಾಡಿದ್ದು ಅದಲ್ಲ. ಅವರ ಬಗ್ಗೆ ಎಲ್ಲರೂ ಆಡುವ ಆ ಒಂದು ಮಾತು, ‘ಬಿಟ್ಟು ಹೋಗಲಿಲ್ಲ’ ಎನ್ನುವುದು.

ಏಕೆಂದರೆ ಮಗ ಮತ್ತೊಂದು ಸಂಗತಿ ಹೇಳಿದ. ಟ್ರಾಲಪ್ ಆಟಕ್ಕೆ ಇಳಿದ 1960ರಲ್ಲಿ ಇಂಗ್ಲೆಂಡಿನ ಆಟಗಾರನಿಗೆ ಬಿಟ್ಟು ಹೋಗುವ ಹಕ್ಕೇ ಇರಲಿಲ್ಲವಂತೆ! ಕರಾರು ಮುಗಿದರೂ ಅವನ ಹೆಸರಿನ ನೋಂದಣಿ ಕ್ಲಬ್ಬಿನ ಕೈಯಲ್ಲೇ ಇರುತ್ತಿತ್ತು. ಕ್ಲಬ್ಬು ಒಪ್ಪದಿದ್ದರೆ ಲೀಗಿನ ಬೇರೆ ಯಾವ ತಂಡವೂ ಅವನನ್ನು ತೆಗೆದುಕೊಳ್ಳುವ ಹಾಗಿರಲಿಲ್ಲ. ಸಂಬಳ ಕೊಡದೆಯೂ ಹಿಡಿದಿಟ್ಟುಕೊಳ್ಳಬಹುದಾಗಿತ್ತು. ಎಷ್ಟೇ ದೊಡ್ಡ ಆಟಗಾರನಾದರೂ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡಬಾರದೆಂಬ ಕಟ್ಟಳೆ ಬೇರೆ. ಆಟಗಾರರು ಮುಷ್ಕರ ಹೂಡುತ್ತೇವೆಂದು ಎದ್ದು ನಿಂತ ಮೇಲೆ 1961ರ ಜನವರಿಯಲ್ಲಿ ಆ ಕಟ್ಟಳೆ ಹೋಯಿತು. ಹಿಡಿದಿಡುವ ಪದ್ಧತಿ ಮಾತ್ರ ಉಳಿಯಿತು. ಜಾರ್ಜ್ ಈಸ್ಟಮ್ ಎಂಬ ಆಟಗಾರ ನ್ಯೂಕಾಸಲ್ ತಂಡ ಬಿಡುತ್ತೇನೆಂದಾಗ ಬಿಡಲೊಪ್ಪಲಿಲ್ಲ. ಅವರು ಆಟವನ್ನೇ ನಿಲ್ಲಿಸಿ, ಹೊಟ್ಟೆಪಾಡಿಗೆ ಬಿರಡೆ ಮಾರುವ ಕೆಲಸಕ್ಕೆ ಸೇರಿದರು. ಕೊನೆಗೆ ತಂಡ ಬಿಟ್ಟುಕೊಟ್ಟಿತು. ಆದರೂ ಅವರು ನ್ಯಾಯಾಲಯದಲ್ಲಿ ಹೋರಾಡಿದರು. 1963ರಲ್ಲಿ ನ್ಯಾಯಾಧೀಶರು ಈ ಪದ್ಧತಿ ನ್ಯಾಯವಲ್ಲವೆಂದು ತೀರ್ಪು ಕೊಟ್ಟರು. ಅಂದಿನಿಂದ ಬಾಗಿಲು ಸ್ವಲ್ಪ ಸ್ವಲ್ಪವೇ ತೆರೆಯಿತು. 1978ರಲ್ಲಿ ಇನ್ನಷ್ಟು ತೆರೆಯಿತು. ಟ್ರಾಲಪ್ ಒಳಗೆ ಹೋದದ್ದು ಬಾಗಿಲು ಮುಚ್ಚಿದ್ದಾಗ, ಹೊರಗೆ ಬಂದದ್ದು ಬಾಗಿಲು ತೆರೆದ ಮೇಲೆ.

ಹಾಗಾದರೆ ಅವರ ಉಳಿಯುವಿಕೆಯಲ್ಲಿ ನಿಷ್ಠೆ ಎಷ್ಟು, ಚಿಲಕ ಎಷ್ಟು? ಬೀಗ ಹಾಕಿದ ಮನೆಯಲ್ಲಿ ಇದ್ದವರನ್ನು ‘ಎಷ್ಟು ಒಳ್ಳೆಯವರು, ಹೊರಗೆ ಹೋಗಲೇ ಇಲ್ಲ’ ಎಂದು ಹೊಗಳಬಹುದೇ?

ಈಗ ಆ ಕಾಗದದ ವಿಷಯ. 1986ರಲ್ಲಿ ಮೈಸೂರಿನ ಒಂದು ಕಾಲೇಜಿನಿಂದ ನನಗೆ ನೇಮಕಾತಿ ಆದೇಶ ಬಂತು. ಎಂ.ಎಸ್ಸಿ. ಮಾಡಿದ್ದೆ, ಸಂದರ್ಶನಕ್ಕೂ ಹೋಗಿ ಬಂದಿದ್ದೆ. ಮನೆಯಲ್ಲಿ ಹೇಳಿದ್ದು ಗೆಳತಿಯ ಮದುವೆಗೆ ಹೋಗಿ ಬರುತ್ತೇನೆಂದು. ಹದಿನೈದು ದಿನದೊಳಗೆ ಹಾಜರಾಗಬೇಕಿತ್ತು. ಅತ್ತೆಗೆ ಆ ವರ್ಷವೇ ಪಾರ್ಶ್ವವಾಯು ಹೊಡೆದಿತ್ತು. ಮಗನಿಗೆ ಎರಡು ವರ್ಷ. ಯಜಮಾನರ ಕೆಲಸ ಅರಸೀಕೆರೆಯಲ್ಲಿ, ರೈಲ್ವೆಯಲ್ಲಿ. ಕಾಗದವನ್ನು ಎರಡು ಸಲ ಓದಿ, ಮಡಚಿ, ಸೀರೆಗಳ ಕೆಳಗಿಟ್ಟೆ. ಯಾರಿಗೂ ತೋರಿಸಲಿಲ್ಲ. ಹದಿನಾರನೆಯ ದಿನ ಎಂದಿನಂತೆ ಎಂಟನೇ ತರಗತಿಗೆ ಹೋಗಿ, ಕಪ್ಪು ಹಲಗೆಯ ಮೇಲೆ ತ್ರಿಭುಜ ಬರೆದೆ.

ಬಾಗಿಲು ಮುಚ್ಚಿತ್ತೇ? ಮುಚ್ಚಿತ್ತೆಂದು ನನಗೆ ಖಾತ್ರಿ ಇತ್ತು. ಆದರೆ ನಾನು ತಳ್ಳಿ ನೋಡಲಿಲ್ಲ. ಯಾರೂ ‘ಬೇಡ’ ಅನ್ನಲಿಲ್ಲ. ಅನ್ನುವ ಅವಕಾಶವನ್ನೇ ನಾನು ಕೊಡಲಿಲ್ಲ. ಹಾಗಿರುವಾಗ ನನ್ನ 33 ವರ್ಷಕ್ಕೆ ನಿಷ್ಠೆಯೆಂದು ಶಾಲು ಹೊದಿಸಿದರೆ, ಹೊದ್ದುಕೊಳ್ಳಲೂ ಮುಜುಗರ, ತೆಗೆದಿಡಲೂ ಮುಜುಗರ.

ಟ್ರಾಲಪ್ ಕಥೆಯಲ್ಲಿ ನನಗೆ ಸ್ವಲ್ಪ ಸಮಾಧಾನ ಕೊಟ್ಟ ಭಾಗವೊಂದಿದೆ. 1961ರ ಏಪ್ರಿಲ್‌ನಿಂದ 1968ರ ಆಗಸ್ಟ್‌ವರೆಗೆ ಅವರು ಒಂದೂ ತಪ್ಪದೆ ಸತತವಾಗಿ 368 ಪಂದ್ಯ ಆಡಿದರು. ಆಮೇಲೆ ಕೈ ಮುರಿಯಿತು. ಯಾವ ಕರಾರು ಮನುಷ್ಯನನ್ನು ಊರಲ್ಲಿ ಹಿಡಿದಿಡಬಹುದು? ಅದೇ ಕರಾರು ಮಳೆಯಲ್ಲಿ, ಕೆಸರಿನಲ್ಲಿ ಶನಿವಾರ ಶನಿವಾರ ಚೆನ್ನಾಗಿ ಆಡಿಸಲಾರದು. ಉಳಿದದ್ದು ಬೇರೆ, ಉಳಿದು ಮಾಡಿದ್ದು ಬೇರೆ. ಮೊದಲನೆಯದರಲ್ಲಿ ಚಿಲಕದ ಪಾಲಿರಬಹುದು, ಎರಡನೆಯದು ಪೂರ್ತಿ ಆಡಿದವನದೇ. ಮುರಿದ ಕೈ ಕೂಡಿಕೊಂಡು ಅದೇ ಋತುವಿನಲ್ಲಿ ಅವರು ಮರಳಿ ಬಂದರು. 1969ರ ಮಾರ್ಚ್ 15ರಂದು ಲೀಗ್ ಕಪ್ಪಿನ ಅಂತಿಮ ಪಂದ್ಯದಲ್ಲಿ, ಲಂಡನ್ನಿನ ವೆಂಬ್ಲಿಯ ಕೆಸರು ಮೈದಾನದಲ್ಲಿ, ಮೂರನೇ ದರ್ಜೆಯ ಸ್ವಿಂಡನ್ ಮೊದಲನೇ ದರ್ಜೆಯ ಆರ್ಸೆನಲ್ ತಂಡವನ್ನು 3-1ರಿಂದ ಸೋಲಿಸಿತು. ಹೆಚ್ಚುವರಿ ಸಮಯದಲ್ಲಿ ಎರಡು ಗೋಲು ಹೊಡೆದವರು ಡಾನ್ ರೋಜರ್ಸ್. ಎಡಗಡೆ ಹಿಂದೆ ನಿಂತಿದ್ದವರು ಟ್ರಾಲಪ್.

ನನ್ನನ್ನು ಹೊಗಳುವುದಾದರೆ ‘ಹೋಗಲಿಲ್ಲ’ ಎಂದು ಹೊಗಳಬಾರದಿತ್ತು. ಬೀಜಗಣಿತವೆಂದರೆ ಜ್ವರ ಬರುತ್ತಿದ್ದ ಎಷ್ಟು ಹುಡುಗಿಯರು ನನ್ನ ತರಗತಿಯಿಂದ ಪಾಸಾಗಿ ಹೋದರೆಂದು ಹೇಳಬಹುದಿತ್ತು. ಅದು ನಾನು ಮಾಡಿದ್ದು. ಆದರೆ ಉಳಿದದ್ದನ್ನು ಹೊಗಳುವುದರಲ್ಲಿ ಒಂದು ಅನುಕೂಲವಿದೆ, ಯೋಚಿಸಿ ನೋಡಿ. ಹಾಗೆ ಹೊಗಳುವವರು ಸಾಮಾನ್ಯವಾಗಿ ನಾವು ಉಳಿದದ್ದರಿಂದ ಲಾಭವಾದವರು. ಒಬ್ಬಳನ್ನು ಹೊಗಳುವಾಗ ಎದುರಿಗೆ ಕೂತ ಇಪ್ಪತ್ತೈದು ವರ್ಷದ ಹೊಸ ಟೀಚರಿಗೆ, ‘ನೀನೂ ಹೀಗೇ ಇರು’ ಎಂಬ ಸೂಚನೆ ಹೋಗುತ್ತದೆ. ಚಿಲಕಕ್ಕೆ ಚಿನ್ನದ ನೀರು ಬಳಿದಂತೆ.

ಇದಕ್ಕೆ ಸ್ವಿಂಡನ್ ಊರಿನವರಲ್ಲಿ ನನಗೊಂದು ಉತ್ತರ ಕಂಡಿತು. ಡಾನ್ ರೋಜರ್ಸ್ 1972ರಲ್ಲಿ ಆ ಊರನ್ನು ಬಿಟ್ಟು ಕ್ರಿಸ್ಟಲ್ ಪ್ಯಾಲೇಸ್ ತಂಡಕ್ಕೆ ಹೋದರು. 1976ರಲ್ಲಿ ಮರಳಿ ಬಂದರು. ಆದರೂ ಗ್ಯಾಲರಿಗೆ ಅವರ ಹೆಸರೇ ಇದೆ. ಪಕ್ಕದ ಮುದುಕರು ಹೋದವರನ್ನೂ ಉಳಿದವರನ್ನೂ ಒಂದೇ ಉಸಿರಿನಲ್ಲಿ, ಒಂದೇ ಪ್ರೀತಿಯಿಂದ ಹೇಳಿದರು. ಟ್ರಾಲಪ್‌ರನ್ನು ಎತ್ತರಿಸಲು ರೋಜರ್ಸ್‌ರನ್ನು ಕೆಳಗಿಳಿಸುವ ಅಗತ್ಯ ಅವರಿಗೆ ಬೀಳಲಿಲ್ಲ. ನಮ್ಮಲ್ಲಿ ಹೆಂಗಸರ ವಿಷಯಕ್ಕೆ ಬಂದರೆ ಇದು ಸಾಧ್ಯವೇ ಇಲ್ಲವೇನೋ. ‘ತಾಳಿದವರು ಬಾಳಿಯಾರು’ ಎಂದು ಒಬ್ಬಳ ಬೆನ್ನು ತಟ್ಟುವಾಗ, ಕೆಲಸಕ್ಕಾಗಿ ಬೇರೆ ಊರಿಗೆ ಹೋದ ಓರಗಿತ್ತಿಯ ಬೆನ್ನ ಹಿಂದೆ ಒಂದು ಮಾತು ಸೇರಿಸದೆ ನಮಗೆ ತೃಪ್ತಿಯಿಲ್ಲ.

ಉಳಿಯುವುದೆಂದರೆ ಯಾವುದರ ಜೊತೆ ಉಳಿಯುವುದು ಎಂಬ ಪ್ರಶ್ನೆಯೂ ಇದೆ. ಟ್ರಾಲಪ್ ದಾಖಲೆ ಸುಮಾರು ನಾಲ್ಕು ದಶಕ ಉಳಿದಿತ್ತು. 2023ರಲ್ಲಿ ಅದನ್ನು ಮುರಿದವರು ಡೀನ್ ಲೂಯಿಂಗ್‌ಟನ್. ಅವರೂ ಎಡಬದಿಯ ಡಿಫೆಂಡರೇ. 2025ರಲ್ಲಿ ಆಟ ಬಿಡುವ ಹೊತ್ತಿಗೆ ಎಲ್ಲ ಬಗೆಯ ಪಂದ್ಯ ಸೇರಿ 900ಕ್ಕೂ ಹೆಚ್ಚು ಆಡಿದ್ದರು. ಅವರ ಕಥೆ ಇನ್ನೂ ವಿಚಿತ್ರ. ಅವರು ಆಟಕ್ಕಿಳಿದ ಕ್ಲಬ್ಬು ಲಂಡನ್ನಿನ ವಿಂಬಲ್ಡನ್. 2003ರಲ್ಲಿ ಆ ಕ್ಲಬ್ಬನ್ನೇ ಮಿಲ್ಟನ್ ಕೀನ್ಸ್ ಎಂಬ ದೂರದ ಊರಿಗೆ ಎತ್ತಿಕೊಂಡು ಹೋದರು. ಮರುವರ್ಷ ಹೆಸರನ್ನೂ ಬದಲಿಸಿದರು. ಹತ್ತೊಂಬತ್ತರ ಹುಡುಗ ಕ್ಲಬ್ಬಿನ ಜೊತೆ ಹೋದ, ಅಲ್ಲೇ ಎರಡು ದಶಕ ಕಳೆದ. ಇತ್ತ ಊರಿನ ಅಭಿಮಾನಿಗಳು ಕ್ಲಬ್ಬು ಹೋಗುವುದು ಖಚಿತವಾದ 2002ರಲ್ಲೇ, ಹೊಸದಾಗಿ ಎ.ಎಫ್.ಸಿ. ವಿಂಬಲ್ಡನ್ ಎಂಬ ತಂಡ ಕಟ್ಟಿ, ಸಣ್ಣ ಸ್ಥಳೀಯ ಲೀಗಿನಿಂದ ಆಡುತ್ತ ಬಂದು 2011ರಲ್ಲಿ ದೊಡ್ಡ ಲೀಗನ್ನೇ ಸೇರಿದರು. ಈಗ ಹೇಳಿ, ಯಾರು ಉಳಿದವರು? ಕ್ಲಬ್ಬನ್ನು ಬಿಡದೆ ಊರು ಬಿಟ್ಟವರೋ, ಊರನ್ನು ಬಿಡದೆ ಕ್ಲಬ್ಬು ಬಿಟ್ಟವರೋ? ತವರು ಬಿಟ್ಟು ಬಂದು, ಬಂದ ಮನೆಯಲ್ಲಿ ‘ಬಿಟ್ಟು ಹೋಗದವಳು’ ಎನಿಸಿಕೊಳ್ಳುವ ನಮಗೆ ಈ ಪ್ರಶ್ನೆ ಹೊಸದೇನಲ್ಲ. ಯಾವುದನ್ನೂ ಬಿಡದೆ ಯಾರೂ ಯಾವುದರಲ್ಲೂ ಉಳಿಯಲಾರರು. ಏನನ್ನು ಬಿಟ್ಟೆವೆಂದು ನಮಗಾದರೂ ಗೊತ್ತಿರಬೇಕು.

ಉಳಿದವರಿಗೆ ಸಂಸ್ಥೆ ಋಣ ತೀರಿಸುತ್ತದೆಂಬ ಭ್ರಮೆಯೂ ಬೇಡ. ಟ್ರಾಲಪ್ 1981ರಲ್ಲಿ ಅದೇ ತಂಡದ ಮ್ಯಾನೇಜರ್ ಆದರು. 1982ರಲ್ಲಿ ತಂಡ ತನ್ನ ಚರಿತ್ರೆಯಲ್ಲೇ ಮೊದಲ ಬಾರಿಗೆ ನಾಲ್ಕನೇ ದರ್ಜೆಗೆ ಬಿತ್ತು. 1983ರಲ್ಲಿ ಆ ಹುದ್ದೆ ಹೋಯಿತು. 770 ಪಂದ್ಯಗಳ ಪುಣ್ಯ ಅಲ್ಲಿ ಜಮಾ ಆಗಲಿಲ್ಲ. ಆಮೇಲೂ ಅವರು ಅದೇ ಕ್ಲಬ್ಬಿನಲ್ಲಿ ಹುಡುಗರಿಗೆ ಆಟ ಕಲಿಸುವ ಕೆಲಸ ಮುಂದುವರಿಸಿದರು. ಆ ಹೊತ್ತಿಗೆ ಬಾಗಿಲು ತೆರೆದಿತ್ತು. ಹಾಗಾಗಿ ಇಪ್ಪತ್ತು ವರ್ಷದ ಆಟಕ್ಕಿಂತ ಈ ಕೊನೆಯ ಉಳಿಯುವಿಕೆಯನ್ನೇ ನಾನು ಹೆಚ್ಚು ನಂಬುತ್ತೇನೆ.

ಊರಿಗೆ ಹೊರಡಲು ಇನ್ನೊಂದು ವಾರವಿತ್ತು. ಒಂದು ಸಂಜೆ ಸೊಸೆ ಪಾತ್ರೆ ಒರೆಸಿಡುತ್ತ ಮೆಲ್ಲಗೆ ಹೇಳಿದಳು: “ಅತ್ತೆ, ನನಗೆ ಎಡಿನ್‌ಬರೋದಲ್ಲಿ ಒಂದು ಕೆಲಸ ಬಂದಿದೆ. ಈಗಿನದಕ್ಕಿಂತ ದೊಡ್ಡದು. ಇವರಿಗೆ ಇನ್ನೂ ಹೇಳಿಲ್ಲ. ಹೇಳಿ ಏನು ಪ್ರಯೋಜನ, ಪಾಪುವಿನ ಸ್ಕೂಲು ಇಲ್ಲೇ ಇದೆ, ಇವರ ಕೆಲಸ ಇಲ್ಲೇ ಇದೆ.”

ನನ್ನ ನಾಲಗೆಯ ತುದಿಗೆ ಬಂದ ಮಾತನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ‘ನೀನು ಹೊಂದಿಕೊಂಡು ಹೋಗುವ ಹುಡುಗಿ ಕಣಮ್ಮ, ನಮ್ಮ ಪುಣ್ಯ’ ಎನ್ನಲಿದ್ದೆ. ಮಗನ ಸಂಸಾರ ಅಲುಗದೆ ಇರಲಿ ಎಂಬ ತಾಯಿಯ ಆಸೆ ಅಷ್ಟು ಸಿಹಿಯಾದ ಮಾತಿನ ರೂಪದಲ್ಲಿ ಬಂದು ನಿಂತಿತ್ತು. ಆ ಹಿರಿಯರು ನನಗೆ ಹೊದಿಸಿದ ಶಾಲನ್ನೇ ನಾನು ಇವಳಿಗೆ ಹೊದಿಸಲು ಹೊರಟಿದ್ದೆ.

ಮಾತು ನುಂಗಿಕೊಂಡೆ. “ಹೋಗು ಅಂತಲೂ ಹೇಳಲ್ಲ, ಇರು ಅಂತಲೂ ಹೇಳಲ್ಲ. ಮೊದಲು ಅವನಿಗೆ ಹೇಳು. ಹೇಳದೆ ಮಾತ್ರ ಇಟ್ಟುಕೊಳ್ಳಬೇಡ” ಎಂದೆ. ಅವಳು ಹಿಂಜರಿದದ್ದು ನೋಡಿ, ಅಂದು ರಾತ್ರಿ ಊಟಕ್ಕೆ ಕೂತಾಗ ಇಬ್ಬರ ಎದುರಿಗೂ ನನ್ನ ಕಾಗದದ ಕಥೆ ಹೇಳಿದೆ. 38 ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮಗ ಅನ್ನ ಕಲಸುವುದನ್ನು ನಿಲ್ಲಿಸಿದ. “ಅಪ್ಪನಿಗೆ ಗೊತ್ತಿತ್ತಾ?”

“ಇಲ್ಲ.”

“ಹೇಳಿದ್ದರೆ ಅಪ್ಪ ಏನು ಅನ್ನುತ್ತಿದ್ದರು?”

ಯಜಮಾನರು ತೀರಿಕೊಂಡು ಆರು ವರ್ಷವಾಗಿತ್ತು. ಬೇಡ ಅನ್ನುತ್ತಿದ್ದರೆಂದೇ ಇಷ್ಟು ವರ್ಷ ನಂಬಿದ್ದೆ. ಆ ನಂಬಿಕೆಯ ಮೇಲೆ ಒಳಗೊಳಗೇ ಅವರ ಮೇಲೆ ಒಂದಿಷ್ಟು ಸಿಟ್ಟನ್ನೂ ಸಾಕಿಕೊಂಡಿದ್ದೆ. ಆದರೆ ಮಗ ಕೇಳಿದಾಗ ಉತ್ತರ ಬರಲಿಲ್ಲ. ಬಹುಶಃ ಬೇಡ ಅನ್ನುತ್ತಿದ್ದರು. ಬಹುಶಃ ಎರಡು ದಿನ ಮುಖ ಗಂಟಿಕ್ಕಿಕೊಂಡು, ಮೂರನೆಯ ದಿನ ಮೈಸೂರಿಗೆ ವರ್ಗಕ್ಕೆ ಅರ್ಜಿ ಬರೆಯುತ್ತಿದ್ದರೋ ಏನೋ. ರೈಲ್ವೆಯವರಿಗೆ ಮೈಸೂರೇನು ದೂರದ ಊರಲ್ಲ. ಹೇಳದೆ ತ್ಯಾಗ ಮಾಡಿದವಳೆಂದು ನನ್ನನ್ನು ನಾನು ಅಂದುಕೊಂಡಿದ್ದೆ. ಒಳ್ಳೆಯವರಾಗುವ ಒಂದು ಅವಕಾಶವನ್ನು ನಾನು ಅವರಿಂದಲೂ ಕಿತ್ತುಕೊಂಡಿದ್ದೆ. ಬಾಗಿಲು ತಳ್ಳಿ ನೋಡದವರು ತಮಗೆ ಮಾತ್ರ ಅನ್ಯಾಯ ಮಾಡಿಕೊಳ್ಳುವುದಿಲ್ಲ, ಅದರ ಆಚೆ ನಿಂತವರಿಗೂ ಮಾಡುತ್ತಾರೆ.

ಸೊಸೆ ಆ ರಾತ್ರಿ ಮಗನಿಗೆ ಹೇಳಿದಳು. ಅವರಿಬ್ಬರ ಮಾತು ಬಹಳ ಹೊತ್ತು ಕೇಳಿಸುತ್ತಿತ್ತು. ಏನು ತೀರ್ಮಾನವಾಯಿತೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ನಾನೂ ಅವಳನ್ನು ಹೊಗಳಲೋ ತೆಗಳಲೋ ಶುರುಮಾಡುತ್ತೇವೆ.

ಊರಿಗೆ ಬಂದ ಮೇಲೆ ಬೀರು ತೆಗೆದು ಆ ಕಾಗದ ಹುಡುಕಿದೆ. ಮಡಿಕೆಯ ಗೆರೆಯಲ್ಲಿ ಹರಿದು ಎರಡು ತುಂಡಾಗಿತ್ತು. ಅಂಟಿಸಿ, ಬೀಳ್ಕೊಡುಗೆಯ ಫೋಟೋ ಇರುವ ಆಲ್ಬಮ್ಮಿನಲ್ಲಿ ಅದರ ಎದುರು ಪುಟಕ್ಕೆ ಹಾಕಿಟ್ಟಿದ್ದೇನೆ. ನೋಡುವವರು ಎರಡನ್ನೂ ಒಟ್ಟಿಗೆ ನೋಡಲಿ.